ಹರಕೆಯಿಲ್ಲದ ಯಾತ್ರೆ

ವಿಶೇಷ ಅಗತ್ಯವುಳ್ಳ ಮಗುವೊಂದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಯಾವುದಾದರೊಂದು ಹಳ್ಳಿಯಲ್ಲಿ ಬೆಳೆಯುತ್ತಿದ್ದರೆ, ಅದು ಊರ ಗಡಿಯನ್ನು ದಾಟುವ ಸಂದರ್ಭಗಳು ಸಾಮಾನ್ಯವಾಗಿ ಎರಡೇ. ಒಂದು ಆಸ್ಪತ್ರೆ, ಮತ್ತೊಂದು ಹರಕೆ. ಮಾತು ಬಾರದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ತಾಯಿ ನಸುಕಿನ ಬಸ್ಸು ಹಿಡಿದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗುತ್ತಾಳೆ. 1965ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ಈ ಭಾಗದ ಅದೆಷ್ಟೋ ಕುಟುಂಬಗಳಿಗೆ ಆಸರೆಯಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿಂದ ಮರಳಿದ ಮೇಲೆ ಬಂಧುಗಳು ಹೇಳಿದ ದೈವಗಳ ಸರದಿ. ಬೆಟ್ಟದಪುರದ ಸಾವಿರಾರು ಮೆಟ್ಟಿಲುಗಳನ್ನು ಮಗುವನ್ನು ಹೊತ್ತುಕೊಂಡೇ ಏರಿ ಸಿಡಿಲು ಮಲ್ಲಿಕಾರ್ಜುನನ ಮುಂದೆ ಮಲಗಿಸುವ ತಂದೆಯರುಂಟು. ಕಬಿನಿ ಹಿನ್ನೀರಿನ ಬಳಿಯ ಭೀಮನಕೊಲ್ಲಿಯಲ್ಲಿ ಮಹದೇಶ್ವರನಿಗೆ ಮುಡಿ ಕೊಡುವವರುಂಟು. ಹೀಗೆ ಹತ್ತು ವರ್ಷದ ಮಗುವೊಂದು ಹಲವು ವೈದ್ಯರನ್ನೂ ಹಲವು ದೇವರನ್ನೂ ಕಂಡಿರುತ್ತದೆ. ಆದರೆ ಒಂದು ಮರದ ಕೆಳಗೆ, ಯಾವ ಉದ್ದೇಶವೂ ಇಲ್ಲದೆ, ಅರ್ಧ ಗಂಟೆ ಕುಳಿತಿರುವುದಿಲ್ಲ.

ಈ ಎರಡು ಬಗೆಯ ಪ್ರಯಾಣಗಳಲ್ಲಿಯೂ ಒಂದು ಸಾಮ್ಯವಿದೆ. ಎರಡರಲ್ಲಿಯೂ ಮಗು ಈಗ ಇರುವಂತೆ ಇರಬಾರದು, ಬೇರೆಯಾಗಬೇಕು ಎಂಬ ನಿರೀಕ್ಷೆಯೇ ಹೆಗಲೇರಿರುತ್ತದೆ. ನಿರೀಕ್ಷೆ ತಪ್ಪಲ್ಲ, ಚಿಕಿತ್ಸೆಯನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಹೊರಗಿನ ಲೋಕವೆಲ್ಲ ತನ್ನನ್ನು ಪರೀಕ್ಷಿಸುವ ಕೋಣೆಯೆಂದೇ ತಿಳಿದು ಬೆಳೆಯುವ ಮಗುವಿನ ಸ್ಥಿತಿಯನ್ನು ಸದ್ಭಕ್ತರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಗಾಳಿ, ಬಿಸಿಲು, ಎಲೆಯ ಸದ್ದು, ಕೆರೆಯ ನೀರು ಇವು ಯಾವುದನ್ನೂ ಗುಣಪಡಿಸಬೇಕಾಗಿಲ್ಲ. ಅವು ಮಗುವಿಗೆ ಸಲ್ಲಬೇಕಾದವು, ಅಷ್ಟೆ.

ವಿಪರ್ಯಾಸವೆಂದರೆ, ಇದು ಕಾಡನ್ನು ನೋಡಲು ಪರಸ್ಥಳದವರು ಹಣ ತೆತ್ತು ಬರುವ ಸೀಮೆ. ಹುಣಸೂರಿನ ವೀರನಹೊಸಹಳ್ಳಿಯಿಂದ ನಾಗರಹೊಳೆಯ ಕಾಡು ತೆರೆದುಕೊಳ್ಳುತ್ತದೆ. ಕೋಟೆಯ ಕಡೆಯಿಂದ ದಮ್ಮನಕಟ್ಟೆ, ಕಾಕನಕೋಟೆ. ಮೈಸೂರು ಅರಸರ ಕಾಲದಿಂದ ಖೆಡ್ಡಾಕ್ಕೆ ಹೆಸರಾಗಿದ್ದ ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಕೆಲವೇ ವರ್ಷಗಳಲ್ಲಿ ಕಬಿನಿ ಜಲಾಶಯದ ನೀರು ಆ ಪ್ರದೇಶವನ್ನು ಆವರಿಸಿತು. ಇಂದು ಆ ಹಿನ್ನೀರಿನ ದಂಡೆಯ ವಸತಿಗೃಹಗಳಿಗೆ ದೇಶವಿದೇಶಗಳ ಜನ ಬರುತ್ತಾರೆ. ಹತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಹುಟ್ಟಿ, ಕೈಕಾಲು ಸೆಟೆದುಕೊಂಡು ಹಜಾರದ ಚಾಪೆಯ ಮೇಲೆ ಮಲಗಿರುವ ಮಗುವಿಗೆ ಆ ನೀರಿನ ಬಣ್ಣ ಗೊತ್ತಿಲ್ಲ. ಜೇನುಕುರುಬರ, ಬೆಟ್ಟಕುರುಬರ ಹಾಡಿಗಳ ಮಾತು ಇನ್ನೂ ಬೇರೆ. ಕಾಡನ್ನೇ ಅಂಗಳವಾಗಿ ಉಳ್ಳವರ ಮಕ್ಕಳು ಪುನರ್ವಸತಿಯ ಸಾಲುಮನೆಗಳಿಗೆ ಬಂದ ಮೇಲೆ, ನಡೆಯಲಾರದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಾಡುತ್ತಿದ್ದ ಅಜ್ಜಿಯ ಹಾದಿಗೆ ಈಗ ಗೇಟು ಬಿದ್ದಿದೆ. ಆ ವಿಷಯಕ್ಕೆ ಪ್ರತ್ಯೇಕ ಲೇಖನವೇ ಬೇಕಾದೀತು.

ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ, "ಕರೆದುಕೊಂಡು ಹೋದರೆ ಅವನಿಗೇನು ತಿಳಿಯುತ್ತದೆ?" ಎಂಬುದು. ಈ ಪ್ರಶ್ನೆಯಲ್ಲಿ ಕ್ರೌರ್ಯವಿಲ್ಲ, ದಣಿವಿದೆ. ಆದರೆ ಇದೇ ಪ್ರಶ್ನೆಯನ್ನು ತೊಟ್ಟಿಲ ಕೂಸಿನ ವಿಷಯದಲ್ಲಿ ಯಾರೂ ಕೇಳುವುದಿಲ್ಲ. ಆರು ತಿಂಗಳ ಕೂಸನ್ನು ಜಾತ್ರೆಗೆ ಎತ್ತಿಕೊಂಡು ಹೋಗಿ ತೇರು ತೋರಿಸುವಾಗ ಅದಕ್ಕೆ ತೇರಿನ ಅರ್ಥ ತಿಳಿಯಿತೇ ಎಂದು ಪರೀಕ್ಷಿಸುವವರಿಲ್ಲ. ತಿಳಿಯುವುದು ಎಂದರೆ ಬಾಯಿಬಿಟ್ಟು ಹೇಳುವುದು ಎಂಬ ಭ್ರಮೆ ಮಾತು ಬಲ್ಲವರದು. ಮಾತನಾಡದ ಹುಡುಗಿಯೊಬ್ಬಳು ಹೊಂಗೆಮರದ ನೆರಳು ನೆಲದ ಮೇಲೆ ಅಲುಗಾಡುವುದನ್ನು ಮುಕ್ಕಾಲು ಗಂಟೆ ನೋಡುತ್ತ ಕುಳಿತರೆ, ಅಲ್ಲಿ ಏನೂ ನಡೆಯಲಿಲ್ಲವೆಂದು ಹೇಳುವ ಅಧಿಕಾರ ಯಾರಿಗಿದೆ?

ದೇಹದ ಅಂಗಗಳನ್ನೇ ದೇಗುಲದ ಅಂಗಗಳಾಗಿ ಕಂಡ ಬಸವಣ್ಣನವರ ಪ್ರಸಿದ್ಧ ವಚನವನ್ನು ಅರಿಯದ ಭಕ್ತರಿಲ್ಲ. ಸ್ಥಾವರ, ಜಂಗಮಗಳ ಭೇದವನ್ನು ಪ್ರತಿಪಾದಿಸುವ ಆ ವಚನಕ್ಕೆ ವ್ಯಾಖ್ಯಾನ ಹೇಳುವವರು ಜಂಗಮವೆಂದರೆ ಚಲಿಸುವುದು ಎಂದು ಅರ್ಥ ಬಿಡಿಸಿ ಮುಂದೆ ಸಾಗುವುದು ರೂಢಿ. ಕಾಲುಗಳು ದೇಹದ ಭಾರವನ್ನು ಹೊರಲಾರದ ಮಗುವಿನ ತಾಯಿ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ಆ ವ್ಯಾಖ್ಯಾನವನ್ನು ಕೇಳುವಾಗ ಅವಳ ಮನಸ್ಸಿನಲ್ಲಿ ಏಳುವ ಪ್ರಶ್ನೆಗೆ ಪ್ರವಚನಕಾರರು ಉತ್ತರ ಕೊಡುವುದು ಅಪರೂಪ. ಆದರೆ ಉತ್ತರವು ವಚನದ ಸಂದರ್ಭದಲ್ಲಿಯೇ ಇದೆ. ಗುಡಿ ಕಟ್ಟಿಸಬಲ್ಲ ಸಿರಿವಂತನ ಎದುರಿಗೆ, ಏನನ್ನೂ ಕಟ್ಟಲಾರದ ಬಡವನೊಬ್ಬ ತನಗಿರುವುದಿಷ್ಟೇ ಎಂದು ತನ್ನ ದೇಹವನ್ನು ತೋರುವ ಸನ್ನಿವೇಶವದು. ಆ ದೇಹ ಸದೃಢವಾಗಿರಬೇಕು, ಸುಂದರವಾಗಿರಬೇಕು ಎಂಬ ನಿಬಂಧನೆ ಅಲ್ಲೆಲ್ಲಿಯೂ ಇಲ್ಲ. ಇದ್ದ ದೇಹವೇ ಸಾಕು ಎಂಬುದೇ ಅದರ ತಿರುಳು. ಹಾಗೆ ನೋಡಿದರೆ ಬಾಗಿದ ಬೆನ್ನು, ಸೆಟೆದ ಕಾಲು ಉಳ್ಳ ಮಗುವಿಗೆ ಆ ವಚನ ಉಳಿದವರಿಗಿಂತ ಒಂದು ಪಾಲು ಹೆಚ್ಚಾಗಿಯೇ ಸಲ್ಲುತ್ತದೆ. ಚಲನೆಯೆಂಬುದು ಚೈತನ್ಯದ್ದು. ಕಾಲಿಲ್ಲದ ಕಡೆ ಅಪ್ಪನ ಹೆಗಲು, ಗಾಲಿಕುರ್ಚಿಯ ಚಕ್ರ, ಬಸ್ಸಿನಲ್ಲಿ ಎದ್ದು ಸ್ಥಳ ಬಿಟ್ಟವನ ಕೈ ಇವೂ ಜಂಗಮದ ಸಾಧನಗಳೇ.

ದೇವರೊಡನೆ ಕೊಡುಕೊಳ್ಳುವಿಕೆಯ ಭಕ್ತಿಯನ್ನು ಶರಣರು ಒಪ್ಪಲಿಲ್ಲವೆಂಬುದೂ ಇಲ್ಲಿ ಸ್ಮರಣೀಯ. ಹರಕೆ ಹೊತ್ತ ತಾಯಿಯನ್ನು ನಿಂದಿಸುವುದಕ್ಕಾಗಿ ಇದನ್ನು ಬಳಸಬಾರದು. ಅವಳಿಗೆ ಬೇರೆ ದಾರಿಯನ್ನು ಯಾರೂ ತೋರಲಿಲ್ಲ.

ಇನ್ನು ಕಣ್ಣಿನ ಮಾತು. ಹೊರಗೆ ಹೊರಟ ಕುಟುಂಬವನ್ನು ಮೆಟ್ಟಿಲು ತಡೆಯುವುದಕ್ಕಿಂತ ಮೊದಲೇ ಜನರ ನೋಟ ತಡೆಯುತ್ತದೆ. ಬಸ್ಸಿನಲ್ಲಿ ಮಗು ಇದ್ದಕ್ಕಿದ್ದಂತೆ ಕಿರುಚಿದರೆ ಹತ್ತು ತಲೆಗಳು ತಿರುಗುತ್ತವೆ. ಒಬ್ಬರು "ಪಾಪ" ಎನ್ನುತ್ತಾರೆ, ಇನ್ನೊಬ್ಬರು "ಯಾವ ಜನ್ಮದ ಕರ್ಮವೋ" ಎನ್ನುತ್ತಾರೆ, ಮೂರನೆಯವರು "ಏನಮ್ಮ, ಮಗೂನ ಸುಮ್ಮನಿರಿಸಬಾರದಾ" ಎಂದು ಗದರುತ್ತಾರೆ. ಹುಟ್ಟಿನ ಕಾರಣದಿಂದ ಮನುಷ್ಯನನ್ನು ಕೀಳೆಂದು ಎಣಿಸುವುದನ್ನು ಹನ್ನೆರಡನೆಯ ಶತಮಾನದಲ್ಲಿಯೇ ತಿರಸ್ಕರಿಸಿದ ಪರಂಪರೆಗೆ ಸೇರಿದವರ ಬಾಯಲ್ಲಿ ಈ ಎರಡನೆಯ ಮಾತು ಬರುವುದು ವಿಶೇಷವಾಗಿ ಖೇದಕರ. ಜಾತಿಯ ವಿಷಯದಲ್ಲಿ ಬಿಟ್ಟ ಪೂರ್ವಜನ್ಮದ ಲೆಕ್ಕವನ್ನು ಅಂಗವೈಕಲ್ಯದ ವಿಷಯದಲ್ಲಿ ಮಾತ್ರ ಹಿಡಿದುಕೊಂಡಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಎಲ್ಲಿಗೆ ಕರೆದೊಯ್ಯಬೇಕು ಎಂಬ ಪ್ರಶ್ನೆ ಬಂದಾಗ ಹಲವರಿಗೆ ಮೊದಲು ನೆನಪಾಗುವುದು ಸಫಾರಿ. ಆದರೆ ಇಂಥ ಮಕ್ಕಳ ಮೊದಲ ಹೊರಯಾತ್ರೆಗೆ ಸಫಾರಿ ತಕ್ಕುದಲ್ಲ. ಟಿಕೆಟ್ಟಿಗಾಗಿ ಕಾಯಬೇಕು, ಕುಲುಕುವ ವಾಹನದಲ್ಲಿ ಬಹಳ ಹೊತ್ತು ಇಳಿಯದೆ ಕುಳಿತಿರಬೇಕು, ಸದ್ದು ಮಾಡಬಾರದು, ಸಾಕೆನಿಸಿದಾಗ ಹಿಂತಿರುಗುವಂತಿಲ್ಲ. ಆಟಿಸಂ ಇರುವ ಮಗುವಿಗೆ ಈ ನಾಲ್ಕರಲ್ಲಿ ಒಂದೊಂದೂ ಕಠಿಣ. ಮೇಲಾಗಿ, 2025ರ ನವೆಂಬರಿನಲ್ಲಿ ಕೋಟೆ ಮತ್ತು ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು. ಮುಂದೆಯೂ ಅಂಥ ಸಂದರ್ಭ ಬರಬಹುದಾದ್ದರಿಂದ ಹೋಗಲೇಬೇಕೆನ್ನುವವರು ವಿಚಾರಿಸಿಕೊಂಡೇ ಹೊರಡುವುದು ಒಳಿತು.

ವೀರನಹೊಸಹಳ್ಳಿಯಲ್ಲಿ ದಸರಾ ಆನೆಗಳ ಗಜಪಯಣವನ್ನು ತೋರಿಸಬೇಕೆಂಬ ಆಸೆಯೂ ಸಹಜವೇ. ಅಂಬಾರಿ ಹೊತ್ತ ಅರ್ಜುನನ ಚಿತ್ರವನ್ನು ಕ್ಯಾಲೆಂಡರಿನಿಂದ ಕತ್ತರಿಸಿಟ್ಟುಕೊಂಡ ಮಕ್ಕಳು ಈ ಭಾಗದಲ್ಲಿ ಬಹಳ. ಬಳ್ಳೆ ಶಿಬಿರದ ಆ ಆನೆ 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆಯೊಡನೆ ಕಾದಾಡಿ ಪ್ರಾಣ ಬಿಟ್ಟಾಗ ಮಾತು ಬಾರದ ಮಕ್ಕಳೂ ಮನೆಯವರ ಮುಖ ನೋಡಿ ಏನೋ ಆಯಿತೆಂದು ಅರಿತಿದ್ದರೆ ಆಶ್ಚರ್ಯವಿಲ್ಲ. ಆದರೆ ಗಜಪಯಣದ ದಿನ ಅಲ್ಲಿರುವುದು ವಾದ್ಯ, ಜನಸಂದಣಿ, ಧ್ವನಿವರ್ಧಕ, ಭಾಷಣ. ಸದ್ದಿಗೆ ಬೆದರುವ ಮಗು ಕಿವಿ ಮುಚ್ಚಿಕೊಂಡು ನೆಲ ನೋಡುತ್ತ ನಿಲ್ಲುತ್ತದೆ, ಆನೆ ಹಾದುಹೋಗಿರುತ್ತದೆ.

ಇಂಥ ಮಗುವಿಗೆ ಬೇಕಾದುದು ಹತ್ತಿರದ, ಸಣ್ಣ, ಪದೇ ಪದೇ ಹೋಗಬಹುದಾದ ಸ್ಥಳ. ಇಂಗ್ಲೆಂಡಿನಲ್ಲಿ 1968ರ ಕಾಯಿದೆಯೊಂದರ ಪ್ರಕಾರ ಪಟ್ಟಣಗಳ ಅಂಚಿನಲ್ಲಿ ಕಂಟ್ರಿ ಪಾರ್ಕುಗಳೆಂಬ ಗ್ರಾಮೀಣ ಉದ್ಯಾನಗಳನ್ನು ರೂಪಿಸುವ ಕಾರ್ಯ ಆರಂಭವಾಯಿತು. ಜನರು ದೂರದ ಬೆಟ್ಟಕಾಡುಗಳಿಗೆ ಹೋಗಬೇಕಾಗಿಲ್ಲದೆ ಹತ್ತಿರದಲ್ಲಿಯೇ ಹಸಿರನ್ನು ಕಾಣಲೆಂಬುದು ಅದರ ಉದ್ದೇಶ. ನಮ್ಮ ರಾಜ್ಯದಲ್ಲಿ ಅದಕ್ಕೆ ಸಮೀಪವಾದುದು ಅರಣ್ಯ ಇಲಾಖೆ ಹಲವು ತಾಲ್ಲೂಕುಗಳಲ್ಲಿ ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿ ನಿರ್ಮಿಸಿರುವ ವೃಕ್ಷೋದ್ಯಾನಗಳು. ಮಕ್ಕಳಿಲ್ಲದೆ ಆಲದ ಸಸಿಗಳನ್ನು ಮಕ್ಕಳಂತೆ ಸಾಕಿದ ಆ ತಾಯಿ 2025ರ ನವೆಂಬರ್ 14ರಂದು ಲಿಂಗೈಕ್ಯರಾದರು. ಆ ತಾಯಿಯ ಹೆಸರು ಹೊತ್ತ ಉದ್ಯಾನದ ಬಾಗಿಲಲ್ಲಿ ಗಾಲಿಕುರ್ಚಿಯೊಂದು ಒಳಹೋಗಲಾರದೆ ನಿಲ್ಲುವಂತಾದರೆ ಅದಕ್ಕಿಂತ ಅಪಚಾರ ಬೇರೊಂದಿಲ್ಲ. ವೃಕ್ಷೋದ್ಯಾನ ದೂರವಾದರೆ ಊರ ಮಾವಿನ ತೋಪು, ಕೆರೆಯ ಏರಿ, ಶಾಲೆಯ ಹಿಂದಿನ ಆಲದ ಕಟ್ಟೆ ಯಾವುದಾದರೂ ಆದೀತು.

ಕೃಷ್ಣರಾಜನಗರದ ಕಡೆಯವರಿಗೆ ಚುಂಚನಕಟ್ಟೆಯಿದೆ. ಕಾವೇರಿ ಅಲ್ಲಿ ಬಂಡೆಗಳ ನಡುವೆ ಧುಮುಕುತ್ತಾಳೆ. ಕೋದಂಡರಾಮ ದೇಗುಲದ ಗರ್ಭಗುಡಿಯೊಳಗೆ ಮಾತ್ರ ಜಲಪಾತದ ಸದ್ದು ಕೇಳಿಸುವುದಿಲ್ಲವೆಂಬುದು ಸ್ಥಳದ ಪ್ರತೀತಿ. ಕೆಲವು ಮಕ್ಕಳು ತಟ್ಟನೆ ಎರಗುವ ಹಾರನ್ನಿಗೆ, ಪಟಾಕಿಗೆ ತತ್ತರಿಸಿದರೂ ಒಂದೇ ಸಮನೆ ಮೊರೆಯುವ ನೀರಿನ ಸದ್ದಿಗೆ ಶಾಂತರಾಗುತ್ತಾರೆ. ಕೆಲವರಿಗೆ ಅದೂ ಆಗದು. ಯಾವುದು ಆದೀತೆಂದು ತಿಳಿಯಬೇಕಾದರೆ ದೂರದಲ್ಲಿ ನಿಂತು ಪರೀಕ್ಷಿಸಿಯೇ ನೋಡಬೇಕು. ಜನವರಿಯ ದನಗಳ ಜಾತ್ರೆಯ ದಿನಗಳನ್ನು ಬಿಟ್ಟು, ಜಲಪಾತೋತ್ಸವದ ದಿನಗಳನ್ನೂ ಬಿಟ್ಟು, ವಾರದ ನಡುವಿನ ಒಂದು ಮುಂಜಾನೆ ಹೋಗುವುದು ಲೇಸು. ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಆಟಿಸಂ ಇರುವ ಮಕ್ಕಳಲ್ಲಿ ಅನೇಕರಿಗೆ ನೀರಿನ ಸೆಳೆತ ಬಲವಾಗಿರುತ್ತದೆ, ಅಪಾಯದ ಅರಿವು ಕಡಿಮೆ, ಹಿಡಿದ ಕೈ ಬಿಡಿಸಿಕೊಂಡು ಕ್ಷಣಮಾತ್ರದಲ್ಲಿ ಓಡಿಬಿಡುತ್ತಾರೆ. ಚುಂಚನಕಟ್ಟೆಯ ಪಾಚಿಗಟ್ಟಿದ ಬಂಡೆಗಳ ಬಳಿಯಾಗಲಿ, ಕಬಿನಿಯ ಹಿನ್ನೀರಿನ ಬಳಿಯಾಗಲಿ, ನಾಲೆಯ ಏರಿಯಲ್ಲಾಗಲಿ ಒಬ್ಬ ಹಿರಿಯರು ಬೇರೆ ಯಾವ ಕೆಲಸವನ್ನೂ ಮಾಡದೆ ಮಗುವಿನ ಕೈಯನ್ನು ಮಾತ್ರ ಹಿಡಿದಿರಬೇಕು. ಬುತ್ತಿ ಬಿಚ್ಚುವವರು ಬೇರೆಯವರಾಗಲಿ. ಬುತ್ತಿ ಬಿಚ್ಚುವಾಗ ಕೋತಿಗಳ ಕಡೆಯೂ ಗಮನವಿರಲಿ. ಕೈಯಿಂದ ಬಾಳೆಹಣ್ಣು ಕಿತ್ತುಕೊಂಡ ಒಂದು ಕೋತಿಯ ದೆಸೆಯಿಂದ ಮಗು ವರ್ಷವಿಡೀ ಹೊರಗೆ ಬರಲು ಹೆದರಬಹುದು.

ಹೋಗುವ ಕ್ರಮದ ಬಗ್ಗೆ ಅನುಭವಿಗಳು ಹೇಳುವುದು ಸರಳವಾಗಿದೆ. ಹಿಂದಿನ ದಿನವೇ ಮಗುವಿಗೆ ಆ ಸ್ಥಳದ ಒಂದು ಚಿತ್ರವನ್ನು ತೋರಿಸಿ, ನಾಳೆ ಹೋಗುವುದಾಗಿ ಹೇಳಬೇಕು. ಮಾತು ಬಾರದ ಮಗುವಿಗೂ ಹೇಳಬೇಕು. ಮೊದಲ ಸಲ ಇಪ್ಪತ್ತು ನಿಮಿಷ ಸಾಕು. ಎರಡನೆಯ ಸಲವೂ ಅದೇ ಹಾದಿ, ಅದೇ ಮರ, ಅದೇ ತಿಂಡಿ. ದೊಡ್ಡವರಿಗೆ ಬೇಸರ ತರುವ ಈ ಪುನರಾವರ್ತನೆಯೇ ಮಗುವಿಗೆ ಧೈರ್ಯ. ಮೂರ್ಛೆರೋಗದ ಔಷಧಿ ತೆಗೆದುಕೊಳ್ಳುವ ಮಕ್ಕಳ ಗುಳಿಗೆಯ ಸಮಯ ತಪ್ಪಬಾರದು, ನೆತ್ತಿಯ ಮೇಲೆ ಬಿಸಿಲು ಏರುವ ಮೊದಲೇ ಮರಳಬೇಕು. ಮಗು ಸಾಕೆಂದಾಗ ಹೊರಟುಬಿಡಬೇಕು. ಇಷ್ಟು ದೂರ ಬಂದು ಹಾಗೆಯೇ ಹೋಗುವುದೇ ಎಂಬ ಹಟ ಬೇಡ. ಒಮ್ಮೊಮ್ಮೆ ಎಲ್ಲವೂ ಕೆಡುತ್ತದೆ. ಮಗು ಬಸ್ಸಿನಿಂದ ಇಳಿಯುವುದೇ ಇಲ್ಲ, ಅಥವಾ ಮೊದಲ ಐದು ನಿಮಿಷದಲ್ಲಿ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಅಂದು ಹಿಂತಿರುಗಿ ಬಂದ ತಾಯಿಗೆ ಮನೆಯಲ್ಲಿ ಯಾರೂ "ನಾವು ಮೊದಲೇ ಹೇಳಿರಲಿಲ್ಲವೇ" ಎನ್ನದಿದ್ದರೆ ಅವಳು ಮತ್ತೊಮ್ಮೆ ಹೊರಡುತ್ತಾಳೆ.

ವೆಚ್ಚದ ಮಾತು ಮೊದಲಿನಷ್ಟು ಭಾರವಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ತಾಯಿಗೆ ಟಿಕೆಟ್ಟಿನ ಹಣವಿಲ್ಲ. ವಿಕಲಚೇತನರಿಗೆ ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಯಲ್ಲಿ ರಿಯಾಯಿತಿ ಪಾಸಿನ ಸೌಲಭ್ಯವಿದೆ. ಪಾಸು ಮಾಡಿಸಿಕೊಡಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಆಸ್ಪತ್ರೆಗೆಂದು ಮಾಡಿಸಿದ ಆ ಪಾಸನ್ನು ಉದ್ಯಾನಕ್ಕೆ ಹೋಗಲೂ ಬಳಸಬಹುದೆಂಬುದೇ ಎಷ್ಟೋ ತಾಯಂದಿರಿಗೆ ಹೊಳೆದಿಲ್ಲ.

ಯಾರೂ ಬಾಯಿಬಿಟ್ಟು ಹೇಳದ ತೊಡಕೊಂದಿದೆ, ಅದು ಶೌಚಾಲಯ. ಐದು ವರ್ಷದ ಮಗುವಿನ ಬಟ್ಟೆಯನ್ನು ಮರದ ಮರೆಯಲ್ಲಿ ಬದಲಿಸಬಹುದು. ಹದಿಮೂರು ವರ್ಷದ, ಋತುಮತಿಯಾದ, ತಾನಾಗಿ ನಿಲ್ಲಲಾರದ ಹುಡುಗಿಯನ್ನು ತಾಯಿ ಎಲ್ಲಿ ಮಲಗಿಸಬೇಕು? ಈ ಒಂದು ಕಾರಣಕ್ಕಾಗಿಯೇ ಬಾಲ್ಯದಲ್ಲಿ ಹೊರಗೆ ಬರುತ್ತಿದ್ದ ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕಾಣಿಸಿಕೊಳ್ಳುವುದಿಲ್ಲ. ಬ್ರಿಟನ್ನಿನಲ್ಲಿ 2006ರಿಂದ ನಡೆದ ಚಳವಳಿಯ ಫಲವಾಗಿ, ದೊಡ್ಡವರನ್ನು ಮಲಗಿಸಿ ಬಟ್ಟೆ ಬದಲಿಸಲು ಅನುಕೂಲವಾಗುವ ಹಲಗೆ ಮತ್ತು ಎತ್ತುವ ಸಾಧನವುಳ್ಳ ಶೌಚಾಲಯಗಳು ಸಾರ್ವಜನಿಕ ಸ್ಥಳಗಳಲ್ಲಿ ಬಂದಿವೆ. ಎತ್ತುವ ಯಂತ್ರ ಇಲ್ಲಿಗೆ ಸದ್ಯಕ್ಕೆ ದೂರದ ಮಾತಾಗಿರಬಹುದು. ಅಗಲವಾದ ಬಾಗಿಲು, ಸೊಂಟದೆತ್ತರದ ಒಂದು ಗಟ್ಟಿ ಹಲಗೆ, ನೀರು, ಒಳಗಿನಿಂದ ಚಿಲಕ ಇವಿಷ್ಟಕ್ಕೆ ಯಾವ ವಿದೇಶಿ ತಂತ್ರಜ್ಞಾನವೂ ಬೇಕಿಲ್ಲ. ಊರ ಬಡಗಿ ಮತ್ತು ಗಾರೆಯವರು ಸಾಕು.

ಇದನ್ನು ದಯೆಯೆಂದು ಬೇಡಬೇಕಾಗಿಲ್ಲ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ವಿಕಲಚೇತನರ ಹಕ್ಕುಗಳ ಕಾಯಿದೆಯ 29ನೆಯ ಕಲಮು, ಸಾಂಸ್ಕೃತಿಕ ಜೀವನದಲ್ಲಿಯೂ ಮನರಂಜನೆಯಲ್ಲಿಯೂ ಎಲ್ಲರ ಸಮನಾಗಿ ಪಾಲ್ಗೊಳ್ಳುವ ಹಕ್ಕನ್ನು ಹೇಳಿ, ಅದಕ್ಕೆ ಕ್ರಮ ಕೈಗೊಳ್ಳುವ ಹೊಣೆಯನ್ನು ಸರ್ಕಾರದ ಜೊತೆಗೆ ಸ್ಥಳೀಯ ಸಂಸ್ಥೆಗಳ ಮೇಲೂ ಹೊರಿಸಿದೆ. ಆ ಕಾಯಿದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯಗಳು ಸೇರಿವೆ. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು, ಸುಗಮ ಪ್ರವೇಶದ ಮಾನದಂಡಗಳನ್ನು ಬರಿಯ ಸಲಹೆಯೆಂಬಂತೆ ಬಿಟ್ಟಿದ್ದ ನಿಯಮವನ್ನು ಕಾಯಿದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯವಾದ ನಿಯಮಗಳನ್ನು ರೂಪಿಸುವಂತೆ ಕೇಂದ್ರಕ್ಕೆ ನಿರ್ದೇಶಿಸಿತು. ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರಿಗಾಗಿ ಶೇಕಡ 5ರಷ್ಟು ಹಣ ಮೀಸಲಿಡುವ ವ್ಯವಸ್ಥೆಯಿದೆ. ಊರ ತೋಪಿಗೆ ಒಂದು ಸಮತಟ್ಟಾದ ಹಾದಿ, ಬೆನ್ನಿಗೆ ಆಸರೆಯುಳ್ಳ ಒಂದು ಕಲ್ಲುಹಾಸು ಬೇಕೆಂದು ಗ್ರಾಮಸಭೆಯಲ್ಲಿ ಎದ್ದು ಕೇಳಲು ಭಕ್ತರಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಸರ್ಕಾರವನ್ನು ಕೇಳುವ ಮೊದಲು ಮಠಗಳು ತಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಈ ಸೀಮೆಯ ಮಠಗಳಿಗೆ ತೆಂಗಿನ ತೋಟಗಳಿವೆ, ಗೋಶಾಲೆಗಳಿವೆ, ಕೊಳಗಳಿವೆ. ಅವು ಬಹುಪಾಲು ಸಮತಟ್ಟು, ಬೇಲಿಯಿರುವ, ನೆರಳಿನ, ವಾಹನಗಳ ಸದ್ದಿಲ್ಲದ ಸ್ಥಳಗಳು. ಅಂದರೆ ಇಂಥ ಮಗುವಿಗೆ ಬೇಕಾದ ಉದ್ಯಾನದ ಬಹುತೇಕ ಲಕ್ಷಣಗಳು ಅಲ್ಲಿ ಆಗಲೇ ಇವೆ. ವಾರಕ್ಕೊಂದು ಮುಂಜಾನೆ ಏಳರಿಂದ ಹತ್ತರವರೆಗೆ ಆ ತೋಟವನ್ನು ಈ ಕುಟುಂಬಗಳಿಗೆ ತೆರೆದಿಟ್ಟರೆ, ಪ್ರವಚನವಿಲ್ಲದೆ, ಫೋಟೋ ತೆಗೆಯುವವರಿಲ್ಲದೆ, ಹಾರ ತುರಾಯಿಗಳಿಲ್ಲದೆ ಸುಮ್ಮನೆ ತೆರೆದಿಟ್ಟರೆ ಸಾಕು. ದಾಸೋಹದಲ್ಲಿ ಅಂದು ಸರದಿ ನಿಲ್ಲಿಸದೆ ಎಲೆ ಹಾಕಿ ಬಡಿಸಿ, ಅನ್ನವನ್ನು ಬೇರೆ, ಸಾರನ್ನು ಬೇರೆ ಕೊಟ್ಟರೆ (ಎರಡು ಒಂದಕ್ಕೊಂದು ತಾಕಿದರೆ ಊಟವನ್ನೇ ಬಿಡುವ ಮಕ್ಕಳಿದ್ದಾರೆ) ಅದು ದಾಸೋಹದ ಅರ್ಥಕ್ಕೆ ಹತ್ತಿರವಾದೀತು. ಮಠದ ವಿದ್ಯಾರ್ಥಿನಿಲಯದ ಹುಡುಗರು ಗಾಲಿಕುರ್ಚಿ ತಳ್ಳುವುದನ್ನು ಕಲಿಯಲಿ. ತಳ್ಳುವ ಮೊದಲು ಕುಳಿತವರಿಗೆ ಹೇಳಿ ತಳ್ಳಬೇಕೆಂಬುದನ್ನು ಅವರಿಗೆ ಮೊದಲು ಕಲಿಸಬೇಕು.

ಕಾಲದ ವಿಷಯವೂ ಗಮನಕ್ಕೆ ಬರಬೇಕು. ಹುಣಸೂರು, ಪಿರಿಯಾಪಟ್ಟಣ, ಕೋಟೆಗಳಲ್ಲಿ ತಂಬಾಕು ಬೆಳೆಯುವ ಮನೆಗಳಿಗೆ ಶ್ರಾವಣ, ಭಾದ್ರಪದಗಳಲ್ಲಿ ಬಿಡುವೆಂಬುದಿಲ್ಲ. ಬ್ಯಾರನ್ನಿನ ಬೆಂಕಿಯನ್ನು ಹಗಲಿರುಳು ಕಾಯಬೇಕು. ಆ ದಿನಗಳಲ್ಲಿ ಈ ಮಕ್ಕಳು ಹೊಗೆಯ ನಡುವೆ, ಯಾರ ಗಮನಕ್ಕೂ ಬಾರದೆ ಮೂಲೆಯಲ್ಲಿರುತ್ತಾರೆ. ಆಗ ಹೊರಗೆ ಕರೆದೊಯ್ಯಿರೆಂದು ತಂದೆತಾಯಿಗೆ ಹೇಳುವುದು ಅವರ ಕಷ್ಟವನ್ನರಿಯದ ಮಾತಾಗುತ್ತದೆ. ನೆರೆಮನೆಯವರು, ಮಗುವಿಗೆ ಪರಿಚಿತರಾದ ಚಿಕ್ಕಪ್ಪನೋ ಅತ್ತೆಯೋ ಒಂದು ಮುಂಜಾನೆ ಅದನ್ನು ಏರಿಯವರೆಗೆ ಕರೆದೊಯ್ದರೆ ಆ ಮನೆಗೆ ಅದೇ ದೊಡ್ಡ ನೆರವು. ಹದಗೊಂಡ ಸೊಪ್ಪು ಹರಾಜು ಮಾರುಕಟ್ಟೆಗೆ ಹೋಗಲು ಆರಂಭವಾಗಿ ಕಾರ್ತಿಕದ ಹೊತ್ತಿಗೆ ಮಳೆ ನಿಂತಿರುತ್ತದೆ, ನೆಲ ಗಟ್ಟಿಯಾಗಿ ಗಾಲಿಕುರ್ಚಿಯ ಚಕ್ರ ಹೂಳುವುದಿಲ್ಲ, ಬೆಳಗಿನ ಬಿಸಿಲು ಹಿತವಾಗಿರುತ್ತದೆ, ಕೆರೆಗಳು ತುಂಬಿರುತ್ತವೆ. ಏಳು ಗಂಟೆಯ ಬಸ್ಸಿನಲ್ಲಿ ಆ ತಿಂಗಳು ಸಾಮಾನ್ಯವಾಗಿ ಮುಂದಿನ ಸೀಟುಗಳು ಖಾಲಿ ಇರುತ್ತವೆ.